750 ಕೆ.ಜಿ.ಯ ಪೆಟ್ರೋಲ್ ಕಾರಿಗೆ 20 ಹಾರ್ಸ್‌ಪವರ್ ಡೀಸೆಲ್ ಎಂಜಿನ್ ಕೂರಿಸಿದರೆ ಓಡುತ್ತಾ?

ಓಡುತ್ತೆ. ಇಂಥದ್ದೇ ಒಂದು ಗಾಡಿಯನ್ನು ನಾನು ಎರಡು ವರ್ಷ ಓಡಿಸಿದ್ದೇನೆ. ಆದರೆ ನೀವು ಹೆದರುತ್ತಿರುವುದು ಒಂದಕ್ಕೆ, ಆಮೇಲೆ ಕಾಟ ಕೊಡುವುದು ಇನ್ನೊಂದು.

ನೀವು ಕೇಳಿರುವುದು ಇಷ್ಟು: ಒಂದು ಲೀಟರಿನ ಹಳೇ ಪೆಟ್ರೋಲ್ ಕಾರು, ತೂಕ ಸುಮಾರು 750 ಕೆ.ಜಿ., ಎಂಜಿನ್ ಕೈಕೊಟ್ಟಿದೆ. ಹುಲ್ಲು ಕತ್ತರಿಸುವ ಗಾಡಿಯಿಂದ ಇಳಿಸಿದ ಮೂರು ಸಿಲಿಂಡರಿನ ಕುಬೋಟಾ ಡಿ722 ಸಿಗುತ್ತಿದೆ. ಶಕ್ತಿ ಸಾಕಾಗುತ್ತಾ, ಮೈಲೇಜ್ ಎಷ್ಟು ಬರಬಹುದು, ಮುಂದಿನ ಭಾಗ ಭಾರ ಆಗುತ್ತಾ?

ಭಾರದ ಚಿಂತೆ ಬಿಡಿ. 719 ಸಿಸಿಯ ಆ ಎಂಜಿನ್ ಬರೀ 63 ಕೆ.ಜಿ. ಇಬ್ಬರು ಸೇರಿ ಎತ್ತಬಹುದು. ಅದೇ ವಂಶದ ಡಿ902 ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. 898 ಸಿಸಿ, 25 ಹಾರ್ಸ್‌ಪವರ್ ಹತ್ತಿರ, ತೂಕ ಹತ್ತು ಕೆ.ಜಿ.ಯಷ್ಟು ಜಾಸ್ತಿ ಅಷ್ಟೇ. ಆ ಐದು ಹಾರ್ಸ್‌ಪವರ್‌ನ ಬೆಲೆ ಏನು ಅಂತ ಏರು ಸಿಕ್ಕಾಗ ಗೊತ್ತಾಗುತ್ತೆ.

ಶಕ್ತಿಯ ಲೆಕ್ಕವನ್ನು ನಾನು ಕಾಗದದ ಮೇಲೆ ಹಾಕಿಕೊಂಡೇ ಕೆಲಸಕ್ಕೆ ಇಳಿದಿದ್ದೆ. ಒಬ್ಬರು ಕೂತ ಇಂಥ ಕಾರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ಹೋಗಲು ಸುಮಾರು 9 ಹಾರ್ಸ್‌ಪವರ್ ಸಾಕು. 100ಕ್ಕೆ ಏರಿಸಿದರೆ 15, 16 ಬೇಕಾಗುತ್ತೆ. ವೇಗ ಕಾಲು ಭಾಗ ಹೆಚ್ಚಿದರೆ ಶಕ್ತಿ ಮುಕ್ಕಾಲು ಭಾಗ ಹೆಚ್ಚು ಬೇಕು, ಎಲ್ಲಾ ಗಾಳಿಯ ಕೆಲಸ. ಹಾಗಾಗಿ ಸಮತಟ್ಟಿನಲ್ಲಿ ನೆಮ್ಮದಿ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ 60ರಲ್ಲಿ ಹೋಗಲೇ 17 ಹಾರ್ಸ್‌ಪವರ್ ಖರ್ಚು. ಅಂದರೆ ಇರುವುದೆಲ್ಲಾ ಅಲ್ಲೇ ಮುಗಿಯಿತು. ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿರುತ್ತೆ, ನೀವು ಮೂರನೇ ಗೇರಿನಲ್ಲಿ ಕಿಟಕಿ ಆಚೆ ನೋಡುತ್ತಾ ಕೂತಿರುತ್ತೀರಿ.

ಇಲ್ಲೇ ಒಂದು ಮಾತು. "ಡೀಸೆಲ್ ಅಲ್ವಾ, ಟಾರ್ಕ್ ಇರುತ್ತೆ ಬಿಡಿ" ಅಂತ ಎಲ್ಲರೂ ಹೇಳುತ್ತಾರೆ. ಟಾರ್ಕ್ ಅಂದರೆ ತಿರುಗಿಸುವ ಬಲ. ಟರ್ಬೊ (ಎಂಜಿನ್ ಒಳಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಸಣ್ಣ ಡೀಸೆಲ್‌ಗೆ ಆ ಮಾತು ಸಲ್ಲುವುದಿಲ್ಲ. 3600 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತಿನಲ್ಲಿ, 20 ಹಾರ್ಸ್‌ಪವರ್ ಅಂದರೆ ಟಾರ್ಕ್ 40 ನ್ಯೂಟನ್ ಮೀಟರ್ ಆಸುಪಾಸು. ನಿಮ್ಮ ಹಳೇ ಒಂದು ಲೀಟರ್ ಪೆಟ್ರೋಲ್ ಎಂಜಿನ್ ಇದರ ಒಂದೂವರೆ ಪಟ್ಟಿಗಿಂತ ಜಾಸ್ತಿ ಕೊಡುತ್ತಿತ್ತು.

ಗೇರಿನ ವಿಷಯ ಮಾತ್ರ ಅದೃಷ್ಟಕ್ಕೆ ಹೊಂದಿಕೊಳ್ಳುತ್ತೆ. ಸಣ್ಣ ಕಾರಿನ ಐದನೇ ಗೇರು ಮತ್ತು ಡಿಫರೆನ್ಷಿಯಲ್ ಸೇರಿ ಅನುಪಾತ 3.1ರ ಹತ್ತಿರ, ಟೈರು 13 ಇಂಚಿನದು ಅಂತಿಟ್ಟುಕೊಂಡರೆ 3000 ಆರ್‌ಪಿಎಂಗೆ 100 ಕಿ.ಮೀ. ಬರುತ್ತೆ. ಹಾಗಾಗಿ ಗೇರ್‌ಬಾಕ್ಸ್ ಬಿಚ್ಚುವ ಅಗತ್ಯ ಇಲ್ಲ. ಎಂಜಿನ್ ತಿರುಗುವ ದಿಕ್ಕು ಮಾತ್ರ ನೋಡಿಕೊಳ್ಳಿ. ಹೆಚ್ಚಿನ ಎಂಜಿನ್‌ಗಳು ಫ್ಲೈವೀಲ್ (ಗೇರ್‌ಬಾಕ್ಸ್ ಕಡೆಯ ಭಾರದ ಚಕ್ರ) ಕಡೆಯಿಂದ ನೋಡಿದರೆ ಗಡಿಯಾರಕ್ಕೆ ಎದುರು ತಿರುಗುತ್ತವೆ, ಕುಬೋಟಾ ಕೂಡ. ಹಳೇ ಹೋಂಡಾ ಕಾರುಗಳಲ್ಲಿ ಹಲವು ಉಲ್ಟಾ. ಅಂಥ ಗೇರ್‌ಬಾಕ್ಸ್ ಸೇರಿಸಿದರೆ ಐದು ರಿವರ್ಸ್ ಗೇರು, ಒಂದೇ ಒಂದು ಮುಂದಕ್ಕೆ!

ಈಗ ನಿಜವಾದ ಕಾಟಕ್ಕೆ ಬರೋಣ. ಗವರ್ನರ್.

ಪೆಟ್ರೋಲ್ ಕಾರಿನ ಪೆಡಲ್ ಒತ್ತಿದಾಗ ನೀವು ಎಂಜಿನ್‌ಗೆ ಹೇಳುವುದು "ಇಷ್ಟು ಬಲ ಕೊಡು" ಅಂತ. ಇಂಥ ಯಂತ್ರದ ಎಂಜಿನ್‌ನಲ್ಲಿ ಅದೇ ಲಿವರ್ ಎಳೆದರೆ ಹೇಳುವುದು "ಇಷ್ಟು ಆರ್‌ಪಿಎಂನಲ್ಲಿ ನಿಲ್ಲು" ಅಂತ. ಮಿಕ್ಕಿದ್ದನ್ನು ಗವರ್ನರ್ ನೋಡಿಕೊಳ್ಳುತ್ತೆ. ವೇಗ ಕಡಿಮೆ ಆದರೆ ತಾನೇ ಡೀಸೆಲ್ ಜಾಸ್ತಿ ಬಿಡುತ್ತೆ, ಹೆಚ್ಚಾದರೆ ತಾನೇ ಕಟ್ ಮಾಡುತ್ತೆ. ಹುಲ್ಲು ಕತ್ತರಿಸಲು ಇದಕ್ಕಿಂತ ಒಳ್ಳೇ ಏರ್ಪಾಡು ಇಲ್ಲ. ಕಾರಿನಲ್ಲಿ ಏನಾಗುತ್ತೆ ನೋಡಿ. ಎರಡನೇ ಗೇರಿನಲ್ಲಿ ಪೆಡಲನ್ನು ಒಂದು ಬೆರಳಷ್ಟು ಒತ್ತಿದಿರಿ. ಲಿವರ್ 2200ಕ್ಕೆ ಹೋಯಿತು, ಎಂಜಿನ್ 1500ರಲ್ಲಿದೆ. ಗವರ್ನರ್ ಪೂರ್ತಿ ಡೀಸೆಲ್ ಬಿಡುತ್ತೆ, ಕಾರು ಮುಂದಕ್ಕೆ ನುಗ್ಗುತ್ತೆ. 2200 ಮುಟ್ಟಿದ ಕೂಡಲೇ ಸಪ್ಪಗೆ. ಪೆಡಲನ್ನು ಕೂದಲೆಳೆಯಷ್ಟು ಬಿಟ್ಟರೆ ಡೀಸೆಲ್ ಪೂರ್ತಿ ಬಂದ್, ಕಾರು ತಡೆದ ಹಾಗಾಗಿ ತಲೆ ಮುಂದಕ್ಕೆ ಬಾಗುತ್ತೆ. ಮೊದಲ ದಿನ ಪಕ್ಕದಲ್ಲಿ ಕೂತಿದ್ದ ಗೆಳೆಯ ಅರ್ಧ ಕಿಲೋಮೀಟರಿಗೇ "ನಾನು ನಡೆದು ಬರ್ತೀನಿ" ಅಂದ.

ಕಾರಿಗೆಂದೇ ಮಾಡಿದ ಡೀಸೆಲ್ ಪಂಪ್‌ಗಳಲ್ಲಿ ಸಾಮಾನ್ಯವಾಗಿ ಗವರ್ನರ್ ನೋಡಿಕೊಳ್ಳುವುದು ಐಡ್ಲಿಂಗ್ ಮತ್ತು ಗರಿಷ್ಠ ವೇಗ ಎರಡನ್ನೇ. ನಡುವಿನದ್ದೆಲ್ಲಾ ನಿಮ್ಮ ಕಾಲಿಗೆ ಬಿಟ್ಟದ್ದು. ಈ ವ್ಯತ್ಯಾಸ ಗೊತ್ತಿಲ್ಲದೆ ನಾನು ಒಂದು ತಿಂಗಳು ಕೇಬಲ್, ಸ್ಪ್ರಿಂಗ್ ಬದಲಿಸುತ್ತಾ ಕೂತಿದ್ದೆ. ಕೊನೆಗೆ ಕೆಲಸ ಮಾಡಿದ್ದು ಒಂದು ಬಾಳೆಕಾಯಿ ಆಕಾರದ ಕ್ಯಾಮ್. ಪೆಡಲಿನ ಮೊದಲ ಅರ್ಧಕ್ಕೆ ಲಿವರ್ ಬಹಳ ನಿಧಾನ ಸರಿಯುತ್ತೆ, ಆಮೇಲೆ ಬೇಗ. ಜೊತೆಗೆ ಲಿವರಿಗೆ ಒಂದು ಸಣ್ಣ ಡ್ಯಾಂಪರ್. ಪೂರ್ತಿ ವಾಸಿಯಾಗಲಿಲ್ಲ, ಕಾಲು ಅಭ್ಯಾಸ ಮಾಡಿಕೊಂಡಿತು. ಒಂದು ಲಾಭವೂ ಇದೆ: ಉದ್ದದ ರಸ್ತೆಯಲ್ಲಿ ಲಿವರ್ ಒಂದು ಕಡೆ ನಿಲ್ಲಿಸಿದರೆ ಪುಕ್ಕಟೆ ಕ್ರೂಸ್ ಕಂಟ್ರೋಲ್. ಯಾರಾದರೂ ಗವರ್ನರನ್ನೇ ಕಿತ್ತುಹಾಕಿ ಅಂದರೆ ಕೇಳಬೇಡಿ. ಭಾರ ಇಲ್ಲದಾಗ ವೇಗಕ್ಕೆ ಮಿತಿಯೇ ಇರದೆ ಎಂಜಿನ್ ಒಡೆದುಹೋಗುತ್ತೆ.

ಜನರೇಟರಿನಿಂದ ಇಳಿಸಿದ ಎಂಜಿನ್ ಆದರೆ ಇನ್ನೂ ಕಷ್ಟ. ಅದನ್ನು 1500 ಅಥವಾ 1800ರಲ್ಲಿ ಒಂದೇ ಸಮ ಓಡಲಿ ಅಂತಲೇ ಹೊಂದಿಸಿರುತ್ತಾರೆ. ಎಂಜಿನ್ ಮೇಲಿನ ಪ್ಲೇಟಿನಲ್ಲಿ ಆರ್‌ಪಿಎಂ ಎಷ್ಟಿದೆ ಅಂತ ಓದದೆ ದುಡ್ಡು ಕೊಡಬೇಡಿ.

ಎರಡನೆಯದು ಬ್ರೇಕ್. ಇದನ್ನು ಮರೆತರೆ ಜೀವಕ್ಕೇ ಅಪಾಯ. ಪೆಟ್ರೋಲ್ ಎಂಜಿನ್‌ನ ಥ್ರಾಟಲ್ (ಗಾಳಿ ಒಳಹೋಗುವ ದಾರಿಯ ಬಾಗಿಲು) ಮುಚ್ಚಿದಾಗ ಮ್ಯಾನಿಫೋಲ್ಡ್‌ನಲ್ಲಿ ನಿರ್ವಾತ ಆಗುತ್ತೆ, ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್ ಅದರ ಬಲದಲ್ಲೇ ಬದುಕಿರುವುದು. ಇಂಥ ಡೀಸೆಲ್‌ಗೆ ಥ್ರಾಟಲ್ಲೇ ಇಲ್ಲ. ನನಗೆ ಇದು ಪುಸ್ತಕದಲ್ಲಿ ಗೊತ್ತಿತ್ತು, ಆದರೂ "ಅಂಗಳದಲ್ಲಿ ಒಂದು ಸುತ್ತು ತಾನೇ" ಅಂತ ನಿರ್ವಾತ ಮಾಡುವ ವ್ಯಾಕ್ಯೂಮ್ ಪಂಪ್ ಹಾಕದೆ ಹೊರಟೆ. ಬೂಸ್ಟರಿನಲ್ಲಿ ಉಳಿದಿದ್ದ ಎಳೆತಕ್ಕೆ ಮೊದಲ ಎರಡು ಸಲ ಬ್ರೇಕ್ ಚೆನ್ನಾಗೇ ಹಿಡಿಯಿತು. ಮೂರನೇ ಸಲ ಪೆಡಲ್ ಕಲ್ಲು. ಎರಡೂ ಕಾಲಿನಲ್ಲಿ ತುಳಿದು, ಹ್ಯಾಂಡ್‌ಬ್ರೇಕ್ ಎಳೆದು, ಗೋಡೆಗೆ ಒಂದು ಗೇಣು ಇರುವಾಗ ನಿಂತಿತು. ಡೀಸೆಲ್ ಕಾರುಗಳ ಕೆಲವು ಆಲ್ಟರ್ನೇಟರ್‌ಗಳ ಬೆನ್ನಿಗೇ ವ್ಯಾಕ್ಯೂಮ್ ಪಂಪ್ ಇರುತ್ತೆ, ಅಂಥದ್ದೊಂದು ಹುಡುಕಿ. ವ್ಯಾಕ್ಯೂಮ್ ಇಳಿದರೆ ಉರಿಯುವ ಒಂದು ದೀಪವನ್ನೂ ಡ್ಯಾಶ್‌ಬೋರ್ಡಿಗೆ ಹಾಕಿ.

ಎಂಜಿನ್‌ಗೆ ಗೇರ್‌ಬಾಕ್ಸ್ ಜೋಡಿಸುವ ಅಡಾಪ್ಟರ್ ಪ್ಲೇಟ್ ಎಲ್ಲರಿಗೂ ಗೊತ್ತಿರುವ ಕೆಲಸ, ಆದರೆ ಅಲ್ಲೇ ಎಲ್ಲರೂ ಅವಸರ ಮಾಡುವುದು. ನಾನೂ ಮಾಡಿದೆ. ರಟ್ಟಿನ ಮೇಲೆ ಗೇರ್‌ಬಾಕ್ಸಿನ ಅಚ್ಚು ತೆಗೆದು, ಅದನ್ನೇ ನೋಡಿ ಪ್ಲೇಟ್ ಕೊರೆಸಿದೆ. ಬೋಲ್ಟುಗಳೆಲ್ಲಾ ಸಲೀಸಾಗಿ ಕೂತವು. ಅದೇ ಮೋಸ, ಬೋಲ್ಟ್ ತೂತಿಗೆ ಯಾವಾಗಲೂ ಸ್ವಲ್ಪ ಸಡಿಲ ಇರುತ್ತೆ. ಕೆಲವು ನೂರು ಕಿ.ಮೀ. ಆದಮೇಲೆ ಕ್ಲಚ್ ಪ್ಲೇಟಿನ ನಡುಭಾಗ ಬಿರುಕುಬಿಟ್ಟಿತು. ಬಿಚ್ಚಿ, ಫ್ಲೈವೀಲಿಗೆ ಡಯಲ್ ಗೇಜ್ (ಕೂದಲೆಳೆಯ ವ್ಯತ್ಯಾಸ ತೋರಿಸುವ ಮುಳ್ಳಿನ ಮಾಪಕ) ಕಚ್ಚಿಸಿ, ಗೇರ್‌ಬಾಕ್ಸ್ ಕೂರುವ ಬಾಯಿಯ ಸುತ್ತ ಕೈಯಲ್ಲಿ ನಿಧಾನ ತಿರುಗಿಸಿದೆ. ಮುಳ್ಳು ಒಂದು ಕಡೆ ಹೋಗಿ ಇನ್ನೊಂದು ಕಡೆ ಬರುವಾಗ ಒಂದು ಮಿಲಿಮೀಟರಿಗೂ ಜಾಸ್ತಿ ಓಡಾಡಿತು, ಅಂದರೆ ಎಂಜಿನ್, ಗೇರ್‌ಬಾಕ್ಸ್ ಎರಡರ ನಡು ಒಂದೇ ಸಾಲಿನಲ್ಲಿ ಇರಲಿಲ್ಲ. ಅದು ಹತ್ತನೇ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ಇರಬೇಕು. ಎರಡನೇ ಪ್ಲೇಟಿಗೆ ಡೋವೆಲ್ ಪಿನ್ (ಸಡಿಲ ಇಲ್ಲದೆ ಜಾಗ ಹಿಡಿದಿಡುವ ಗೂಟ) ಕೊಟ್ಟು, ಗೇಜ್ ನೋಡುತ್ತಾ ಕೂರಿಸಿ, ಆಮೇಲೆ ಪಿನ್ನಿನ ತೂತು ಕೊರೆದೆವು. ಮೊದಲೇ ಹಾಗೆ ಮಾಡಿದ್ದರೆ ಒಂದು ಕ್ಲಚ್ ಉಳಿಯುತ್ತಿತ್ತು.

ಕ್ಲಚ್ ಪ್ಲೇಟ್ ಗೇರ್‌ಬಾಕ್ಸಿನ ಸ್ಪ್ಲೈನಿಗೆ (ಶಾಫ್ಟಿನ ಹಲ್ಲುಗಳಿಗೆ) ಹೊಂದುವಂಥದ್ದು, ನಡುವೆ ಸ್ಪ್ರಿಂಗ್ ಇರುವಂಥದ್ದು ಬೇಕು. ಮೂರು ಸಿಲಿಂಡರಿನ ಡೀಸೆಲ್ ಹೊಡೆತ ಗೇರ್‌ಬಾಕ್ಸಿಗೆ ನೇರ ಹೋಗಬಾರದು. ಮೌಂಟಿಂಗ್ ರಬ್ಬರ್ ಮೆತ್ತಗಿರಲಿ. ಎಷ್ಟು ಮೆತ್ತಗಿದ್ದರೂ ಐಡ್ಲಿಂಗ್‌ನಲ್ಲಿ ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡು ಕಾಣುತ್ತೆ, ಅದಕ್ಕೆ ಮದ್ದಿಲ್ಲ.

ಉಳಿದದ್ದು ಸಣ್ಣಪುಟ್ಟವು. ಪೆಟ್ರೋಲ್ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ತೊಳೆಯಿರಿ, ಪೆಟ್ರೋಲ್ ಬೆರೆತರೆ ಪಂಪಿಗೆ ಜಾರುಗುಣ ಸಾಲದು. ನಾಝಲ್‌ಗಳಿಂದ ಮಿಕ್ಕಿದ ಡೀಸೆಲ್ ವಾಪಸ್ ಹೋಗಲು ಒಂದು ಪೈಪ್ ಬೇಕು. ನೀರು ಬೇರ್ಪಡಿಸುವ ಫಿಲ್ಟರ್ ಕಡ್ಡಾಯ. ತಣ್ಣಗಿರುವಾಗ ಸ್ಟಾರ್ಟ್ ಆಗಲು ಬಿಸಿ ಕೊಡುವ ಹೀಟರ್ ಪ್ಲಗ್‌ಗೆ ದಪ್ಪ ವೈರು, ಸ್ವಂತ ರಿಲೇ. ಪೆಟ್ರೋಲ್ ಎಂಜಿನ್ನಿನ ಹಾಗೆ ಕಿಡಿ ಹೊತ್ತಿಸುವ ಕಾಯಿಲ್ ಇಲ್ಲದ ಕಾರಣ ಆರ್‌ಪಿಎಂ ಮೀಟರಿಗೆ ಆಲ್ಟರ್ನೇಟರಿನ ಡಬ್ಲ್ಯೂ ಟರ್ಮಿನಲ್ಲಿನಿಂದ ಸಿಗ್ನಲ್ ತೆಗೆಯಬೇಕು, ಅದಕ್ಕೆ ಹೊಂದುವ ಮೀಟರೇ ಬೇಕು. ಎಂಜಿನ್ ಜೊತೆ ಬಂದ ಬೆಲ್ಟ್ ಫ್ಯಾನ್ ತೆಗೆದು ಕಾರಿನ ಎಲೆಕ್ಟ್ರಿಕ್ ಫ್ಯಾನ್ ಸಾಕು. ಕೀ ತಿರುಗಿಸಿದರೆ ಡೀಸೆಲ್ ಎಂಜಿನ್ ತಾನಾಗಿ ನಿಲ್ಲುವುದಿಲ್ಲ, ಡೀಸೆಲ್ ಕಟ್ ಮಾಡುವ ಸ್ಟಾಪ್ ಸೊಲೆನಾಯ್ಡ್ ಸರಿಯಾಗಿ ವೈರಿಂಗ್ ಆಗಿರಬೇಕು. ಎಂಜಿನ್ ನಿಲ್ಲದೆ ಹೋದರೆ ಅಂತ ಮೊದಲ ಸ್ಟಾರ್ಟಿಗೆ ಗಾಳಿಯ ಬಾಯಿ ಮುಚ್ಚಲು ಒಂದು ಹಲಗೆ ಕೈಗೆ ಸಿಗುವ ಹಾಗಿಟ್ಟುಕೊಳ್ಳಿ. ಅಂಗೈಯಲ್ಲಿ ಮುಚ್ಚಲು ಹೋಗಬೇಡಿ.

ಮೈಲೇಜ್? ಲೆಕ್ಕದ ಪ್ರಕಾರ ಸಮತಟ್ಟಿನಲ್ಲಿ 80ರ ವೇಗಕ್ಕೆ ಲೀಟರಿಗೆ 34ರ ಹತ್ತಿರ ಬರಬೇಕು, 100ರಲ್ಲಿ ಓಡಿಸಿದರೆ 26ಕ್ಕೆ ಇಳಿಯುತ್ತೆ. ನನಗೆ ಎಲ್ಲಾ ಬಗೆಯ ರಸ್ತೆ ಸೇರಿ 27 ಸಿಕ್ಕಿತು, ಪೆಟ್ರೋಲಿನಲ್ಲಿ 18 ಬರುತ್ತಿತ್ತು. ಖುಷಿಯ ಅಂಕಿಯೇ. ಆದರೆ ಪ್ಲೇಟು, ಎರಡು ಕ್ಲಚ್ಚು, ಪಂಪು, ಮೌಂಟಿಂಗ್ ಎಲ್ಲಾ ಕೂಡಿಸಿ ನೋಡಿದರೆ ಉಳಿತಾಯದ ಮಾತು ಆಡುವ ಹಾಗಿಲ್ಲ. 1999ರ ಫೋಕ್ಸ್‌ವ್ಯಾಗನ್ ಲುಪೋ 3ಎಲ್ ನೂರು ಕಿ.ಮೀ.ಗೆ 2.99 ಲೀಟರ್ ಎಂಬ ಅಧಿಕೃತ ಅಂಕಿ ಪಡೆದದ್ದು 1.2 ಲೀಟರಿನ ಟರ್ಬೊ ಡೀಸೆಲ್, ಹಗುರ ಬಾಡಿ, ತಾನೇ ಗೇರ್ ಬದಲಿಸುವ ಬಾಕ್ಸ್ ಎಲ್ಲಾ ಸೇರಿ. ನಮ್ಮದು ಹುಲ್ಲಿನ ಗಾಡಿಯ ಎಂಜಿನ್.

ದುಡ್ಡು ಉಳಿಸುವುದೇ ಉದ್ದೇಶ ಆಗಿದ್ದರೆ ನಾನು ಈ ದಾರಿ ಹೇಳುವುದಿಲ್ಲ. ಅಪಘಾತವಾದ ಸಣ್ಣ ಡೀಸೆಲ್ ಕಾರೊಂದರಿಂದ ಎಂಜಿನ್, ಗೇರ್‌ಬಾಕ್ಸ್, ವೈರಿಂಗ್, ಪೆಡಲ್ ಸಮೇತ ಎತ್ತಿಕೊಂಡು ಬನ್ನಿ. 1983ರ ಡೈಹತ್ಸು ಶರಾಡ್‌ನಲ್ಲೇ 993 ಸಿಸಿಯ ಮೂರು ಸಿಲಿಂಡರ್ ಡೀಸೆಲ್ ಬಂದಿತ್ತು, 1999ರ ಸ್ಮಾರ್ಟ್‌ನದ್ದು 799 ಸಿಸಿ. ಪ್ಲೇಟೂ ಬೇಡ, ಗವರ್ನರ್ ರಗಳೆಯೂ ಇಲ್ಲ. ಡ್ರೈವ್ ಶಾಫ್ಟ್ ಉದ್ದ, ಮೌಂಟಿಂಗ್ ಎರಡರಲ್ಲಿ ಮುಗಿಯುತ್ತೆ. ನೋಂದಣಿ ಕಚೇರಿಯಲ್ಲಿ, ವಿಮೆಯವರಲ್ಲಿ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳುವುದು ಎರಡಕ್ಕೂ ತಪ್ಪಿದ್ದಲ್ಲ, ಆದರೆ ಕಾರಿನದೇ ಎಂಜಿನ್ ಆದರೆ ಹೊಗೆಯ ಪ್ರಶ್ನೆಗೆ ಉತ್ತರ ಕೊಡುವುದು ಸುಲಭ.

ಇಲ್ಲ, ಸುಮ್ನೆ ಖುಷಿಗೆ ಮಾಡ್ತೀನಿ ಅಂದರೆ ಖಂಡಿತ ಮಾಡಿ. ಎಂಜಿನ್‌ಗೆ ಮುಂಗಡ ಕೊಡುವ ಮೊದಲು ಟೇಪ್ ಹಿಡಿದು ಬಾನೆಟ್ ಎತ್ತಿ. ಗೇರ್‌ಬಾಕ್ಸಿನ ಬಾಯಿಂದ ಎದುರಿನ ಚಾಸಿಯವರೆಗೆ ಎಷ್ಟಿದೆ ಅಳೆಯಿರಿ, ಅದರಲ್ಲಿ ಪ್ಲೇಟಿನ ದಪ್ಪ ಕಳೆಯಿರಿ, ಬೆಲ್ಟ್ ಬದಲಿಸಲು ಕೈ ತೂರುವಷ್ಟು ಜಾಗ ಕಳೆಯಿರಿ. ಉಳಿದ ಜಾಗ ಎಂಜಿನ್ ಉದ್ದಕ್ಕಿಂತ ಕಡಿಮೆ ಬಂದರೆ ಆ ಅಳತೆ ಇಲ್ಲಿ ಬರೆಯಿರಿ, ಪುಲ್ಲಿ ಕಡೆ ಏನಾದರೂ ಮಾಡಬಹುದಾ ಅಂತ ನೋಡೋಣ.