ಸಂಪಾದಕರ ಉತ್ತರ: ಹೊಟ್ಟೆಯ ಮೇಲಿಟ್ಟ ಕೈ

ಚಿಂತಾಮಣಿಯ ಓದುಗರೊಬ್ಬರು ಬರೆದಿದ್ದಾರೆ: 5 ವಾರದ ಮೊಮ್ಮಗ ಕುಡಿದ ಹಾಲನ್ನೆಲ್ಲ ಚಿಮ್ಮಿಸಿ ಕಕ್ಕುತ್ತಿದ್ದರೂ ವೈದ್ಯರು ಕೂಡಲೇ ಸ್ಕ್ಯಾನಿಂಗ್‌ಗೆ ಕಳಿಸದೆ, ತಾಯಿಗೆ ಹಾಲೂಡಿಸಲು ಹೇಳಿ, ಮಗುವಿನ ಹೊಟ್ಟೆಯ ಮೇಲೆ ಕೈಯಿಟ್ಟು ಕಾಲು ಗಂಟೆ ಕಳೆದರಂತೆ. ಆಮೇಲೆ ಸ್ಕ್ಯಾನಿಂಗ್‌ನಲ್ಲೂ ಅವರು ಹೇಳಿದ್ದೇ ಬಂತು, ಆಪರೇಷನ್ ಆಗಿ ಮಗು ಚೆನ್ನಾಗಿದೆ. ಆದರೂ ಈ ಕಾಲಹರಣ ಸರಿಯೇ ಎಂಬುದು ಅವರ ಪ್ರಶ್ನೆ.

ಸ್ವಾಮಿ, ತಾವು ಕಾಲಹರಣವೆಂದದ್ದೇ ಪರೀಕ್ಷೆ. ಜಠರದಿಂದ ಕರುಳಿಗೆ ಹೋಗುವ ಬಾಗಿಲಿನ ಸ್ನಾಯು ದಪ್ಪವಾಗಿ ದಾರಿ ಕಟ್ಟಿದಾಗ, ಹೆಚ್ಚಾಗಿ 2ರಿಂದ 8 ವಾರದ ಕೂಸುಗಳಲ್ಲಿ, ಅದರಲ್ಲೂ ಗಂಡುಕೂಸುಗಳಲ್ಲಿ, ಇಂಥ ವಾಂತಿ ಶುರುವಾಗುತ್ತದೆ. ಹಾಲೂಡುವಾಗ ಹೊಟ್ಟೆಯ ಮೇಲೆ ಎಡದಿಂದ ಬಲಕ್ಕೆ ಅಲೆ ಸರಿಯುವುದು ಕಾಣುತ್ತದೆ. ತಾಳ್ಮೆಯ ಬೆರಳಿಗೆ ಬಲಬದಿಯಲ್ಲಿ ಗಟ್ಟಿ ಗಂಟು ಸಿಗುತ್ತದೆ. ಇಂಗ್ಲಿಷ್ ಪುಸ್ತಕಗಳು ಅದನ್ನು ಆಲಿವ್ ಎನ್ನುತ್ತವೆ, ನಾವು ನೇರಳೆ ಹಣ್ಣು ಎಂದುಕೊಳ್ಳೋಣ. ಆ ಸ್ನಾಯುವನ್ನು ಸೀಳಿ ದಾರಿ ಬಿಡಿಸುವ ಶಸ್ತ್ರಕ್ರಿಯೆಯನ್ನು ಜರ್ಮನಿಯ ರಾಮ್‌ಸ್ಟೆಟ್ 1912ರಲ್ಲಿ ಪ್ರಕಟಿಸಿದಾಗ ಅಲ್ಟ್ರಾಸೌಂಡ್ ಎಲ್ಲಿತ್ತು?

ತಮ್ಮ ಪತ್ರದಲ್ಲಿ ಟ್ಯಾಕ್ಸಿ ಬಾಡಿಗೆಯ ಲೆಕ್ಕವಿದೆ, ವಾಂತಿಯ ಬಣ್ಣವಿಲ್ಲ. ಬಿಳಿ ಹಾಲಾದರೆ ತಡೆ ಪಿತ್ತರಸ ಸೇರುವ ಜಾಗಕ್ಕಿಂತ ಮೇಲಿದೆ. ಹಸಿರಾದರೆ ಕೆಳಗೆ ಕರುಳೇ ತಿರುಚಿಕೊಂಡಿರಬಹುದು, ಆಗ ಪ್ರತಿ ಗಂಟೆಯೂ ಅಮೂಲ್ಯ. ಇದನ್ನು ಕೇಳುವ ವೈದ್ಯರಿಗಿಂತ ಮೊದಲು ನೋಡುವವಳು ತಾಯಿ.

ಮಧುಗಿರಿಯ ನಮ್ಮ ಬಂಧುವಿನ 8 ತಿಂಗಳ ಮಗಳು ಬಿಟ್ಟುಬಿಟ್ಟು ಚೀರಿ ಕಾಲು ಮಡಚುತ್ತಿದ್ದಾಗ ಮನೆಯವರು ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿ, ಹೊಟ್ಟೆ ನೀವಿಸಿ ಒಂದು ದಿನ ಕಳೆದರು. ಕೆಂಪು ಲೋಳೆಯ ಮಲ ಕಂಡ ಮೇಲೆ ಆಸ್ಪತ್ರೆ. ಅಲ್ಲಿ ಕಿರಿಯ ವೈದ್ಯೆಯೊಬ್ಬರ ಕೈಗೆ ಎಳೆ ಪಡವಲಕಾಯಿಯ ತುಂಡಿನಂಥದು ಸಿಕ್ಕಿತು: ಕರುಳಿನೊಳಗೆ ಕರುಳು ಹೊಕ್ಕಿತ್ತು. ಗುದದ್ವಾರದಿಂದ ಗಾಳಿ ತುಂಬಿ ಅದನ್ನು ಹಿಂದೆ ಸರಿಸಿದರು.

ಸ್ಕ್ಯಾನಿಂಗ್ ಬೇಡವೆನ್ನುತ್ತಿಲ್ಲ. 3-4 ವರ್ಷದ ಮಗುವಿಗೆ ಸ್ನಾನ ಮಾಡಿಸುವಾಗ ಪಕ್ಕೆಯಲ್ಲಿ ಗಡ್ಡೆ ತಗಲಿದರೆ ಅದು ವಿಲ್ಮ್ಸ್ ಗಡ್ಡೆ ಎಂಬ ಮೂತ್ರಪಿಂಡದ ಕ್ಯಾನ್ಸರೂ ಆಗಿರಬಹುದು. ಅದನ್ನು ಪದೇ ಪದೇ ಒತ್ತಿದರೆ ಒಡೆಯುವ ಭಯವಿರುವುದರಿಂದ ಅಲ್ಲಿ ಕೈ ಹಿಂದೆ ಸರಿಯಲೇಬೇಕು. ಆದರೆ ನಮ್ಮ ಊರುಗಳಲ್ಲಿ ಸ್ಕ್ಯಾನಿಂಗ್ ಸೆಂಟರುಗಳು ಹೆಚ್ಚಿದಂತೆಲ್ಲ ಮಗುವಿನ ಅಂಗಿ ಎತ್ತಿ ನೋಡುವವರು ಕಡಿಮೆಯಾಗಿದ್ದಾರೆ, ನಾವೂ ರಿಪೋರ್ಟಿನ ದಪ್ಪ ನೋಡಿ ವೈದ್ಯರನ್ನು ಅಳೆಯುತ್ತಿದ್ದೇವೆ. ಸ್ಕ್ಯಾನಿಂಗ್‌ನ ರಶೀದಿಯನ್ನು ತಾವು ಪತ್ರದೊಂದಿಗೆ ಲಗತ್ತಿಸಿದ್ದೀರಿ. ಆ ಕಾಲು ಗಂಟೆಗೆ ರಶೀದಿ ಇದ್ದಂತಿಲ್ಲ.