ಒಂದೇ ರಾಗಿ ಹುಲ್ಲು, ಎರಡು ಲ್ಯಾಬ್, ಎರಡು ಉತ್ತರ: ಯಾವುದನ್ನು ನಂಬೋದು?

ಒಂದೇ ರಾಗಿ ಹುಲ್ಲನ್ನು ಎರಡು ಲ್ಯಾಬ್‌ಗೆ ಕಳಿಸಿದೆ, ಹಸುವಿಗೆ ಅರಗುವ ಪ್ರಮಾಣ ಬೇರೆ ಬೇರೆ ಬಂತು ಅಂತ ಬರೆದಿದ್ದೀರಿ. ನಾನು ಮೇವು ಪರೀಕ್ಷೆಯ ಲ್ಯಾಬ್‌ನಲ್ಲೇ ಕೆಲಸ ಮಾಡುವವಳು. ಎರಡೂ ಸರಿಯಿರಬಹುದು. ವರದಿಯಲ್ಲಿ ಯಾವ ವಿಧಾನ ಬರೆದಿದ್ದಾರೆ, ಮೊದಲು ಅದನ್ನು ನೋಡಿ.

ಟಿಲ್ಲಿ ಮತ್ತು ಟೆರಿ ಎಂಬ ವಿಜ್ಞಾನಿಗಳು 1963ರಲ್ಲಿ ಕೊಟ್ಟ ವಿಧಾನ ಇಂದಿಗೂ ನಡೆಯುತ್ತಿದೆ. ಒಣಗಿಸಿ ಪುಡಿ ಮಾಡಿದ ಅರ್ಧ ಗ್ರಾಂ ಮೇವಿಗೆ ಹಸುವಿನ ಮೊದಲ ಹೊಟ್ಟೆಯ, ಅಂದರೆ ರೂಮೆನ್‌ನ ರಸ ಹಾಕುತ್ತೇವೆ. ಜೊತೆಗೆ ಜೊಲ್ಲಿನಂಥ ಲವಣದ ನೀರು. ಗಾಳಿ ಸೋಕದಂತೆ, ಹಸುವಿನ ಮೈಯಷ್ಟೇ ಬಿಸಿಯಲ್ಲಿ 48 ಗಂಟೆ ಇಡುತ್ತೇವೆ. ಆಮೇಲೆ ಪೆಪ್ಸಿನ್ (ಪ್ರೋಟೀನ್ ಅರಗಿಸುವ ಕಿಣ್ವ) ಮತ್ತು ಆಮ್ಲದಲ್ಲಿ ಇನ್ನೊಂದು 48 ಗಂಟೆ. ಕರಗದೆ ಉಳಿದದ್ದನ್ನು ತೂಗಿದರೆ ಅರಗಿದ್ದೆಷ್ಟು ಅಂತ ತಿಳಿಯುತ್ತದೆ.

ಇನ್ನೊಂದು, ಜರ್ಮನಿಯ ಹೋಹನ್‌ಹೈಮ್‌ನಲ್ಲಿ ಮೆಂಕೆ ಮತ್ತು ಜೊತೆಗಾರರು 1979ರಲ್ಲಿ ಪ್ರಕಟಿಸಿದ ಗ್ಯಾಸ್ ಪರೀಕ್ಷೆ. ಗಾಜಿನ ಸಿರಿಂಜ್‌ನಲ್ಲಿ 200 ಮಿಲಿಗ್ರಾಂ ಮೇವು ಅದೇ ರೂಮೆನ್ ರಸದಲ್ಲಿ ಹುದುಗುತ್ತದೆ, 24 ಗಂಟೆಯಲ್ಲಿ ಹುಟ್ಟಿದ ಗ್ಯಾಸ್ ಪಿಸ್ಟನ್ ಅನ್ನು ಎಷ್ಟು ತಳ್ಳಿತು ಅಂತ ನೋಡುತ್ತೇವೆ. ಇಲ್ಲಿ ಅರಗುವ ಪ್ರಮಾಣವನ್ನು ತೂಗುವುದಿಲ್ಲ, ಸೂತ್ರ ಹಾಕಿ ಅಂದಾಜು ಮಾಡುತ್ತೇವೆ. ಪ್ರೋಟೀನ್‌ನಿಂದ ಗ್ಯಾಸ್ ಕಡಿಮೆ ಬರುತ್ತದೆ, ಹಾಗಾಗಿ ಮೇವಿನ ಪ್ರೋಟೀನ್ ಅನ್ನೂ ಅಳೆದು ಸೂತ್ರಕ್ಕೆ ಸೇರಿಸಬೇಕು.

ವಿಧಾನ ಒಂದೇ ಆಗಿದ್ದರೂ ವ್ಯತ್ಯಾಸ ಬರುತ್ತದೆ, ಅದಕ್ಕೆ ಮುಖ್ಯ ಕಾರಣ ಆ ರೂಮೆನ್ ರಸವೇ. ಅದರಲ್ಲಿರುವುದು ಜೀವಂತ ಸೂಕ್ಷ್ಮಜೀವಿಗಳು. ರಸ ಕೊಡುವ ಹಸು ಬರೀ ಒಣಹುಲ್ಲು ತಿಂದಿತ್ತೋ, ಹಿಂಡಿಯೂ ತಿಂದಿತ್ತೋ, ತರುವಾಗ ರಸ ತಣ್ಣಗಾಯಿತೋ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಪ್ರತಿ ಬ್ಯಾಚ್‌ನಲ್ಲೂ ಮೇವಿಲ್ಲದ ಒಂದು ಟ್ಯೂಬ್, ಮೊದಲೇ ಗೊತ್ತಿರುವ ಒಂದು ಮೇವು ಜೊತೆಗಿಡಲೇಬೇಕು. ಇಟ್ಟಿದ್ದರಾ ಅಂತ ಎರಡೂ ಲ್ಯಾಬ್‌ನಲ್ಲಿ ಧೈರ್ಯವಾಗಿ ಕೇಳಿ. ದುಡ್ಡು ಕೊಟ್ಟವರು ನೀವು, ಅಲ್ವಾ?

ಇನ್ನೊಂದು ಮಾತು. ಹಸು ಎಷ್ಟು ತಿನ್ನುತ್ತದೆ ಅಂತ ಈ ಅಂಕಿ ಹೇಳುವುದಿಲ್ಲ. ನಾವು ನುಣ್ಣಗೆ ಪುಡಿ ಮಾಡಿರುತ್ತೇವೆ, ಹಸು ಅದೇ ಹುಲ್ಲಿನ ದಪ್ಪ ದಂಟನ್ನು ಬಿಟ್ಟು ಎಲೆಯನ್ನಷ್ಟೇ ಆರಿಸಿ ತಿನ್ನಬಹುದು.

ರಾಗಿ ಹುಲ್ಲಿಗೂ ಭತ್ತದ ಹುಲ್ಲಿಗೂ ಹೋಲಿಸಬೇಕಿದ್ದರೆ ಎರಡನ್ನೂ ಒಂದೇ ಲ್ಯಾಬ್‌ಗೆ, ಒಂದೇ ಬ್ಯಾಚ್‌ಗೆ ಕೊಡಿ. ಮೆದೆಯ ಮೇಲಿನಿಂದ ಒಂದೇ ಹಿಡಿ ಕೀಳಬೇಡಿ. ನಾಲ್ಕಾರು ಕಡೆಯಿಂದ ತೆಗೆದು, ಬೆರೆಸಿ, ಒಣಗಿಸಿ ಕಳಿಸಿ. ಎರಡೂ ವರದಿ ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.