ಅಪ್ಪನನ್ನು ಎರಡು ಔಷಧದ ಫೇಸ್ ಒನ್ ಟ್ರಯಲ್‌ಗೆ ಸೇರಿಸಬಹುದಾ?

ಸಕಲೇಶಪುರದಿಂದ ಕೇಳಿದ್ದೀರಿ: ತಂದೆಗೆ ನಾಲ್ಕನೇ ಹಂತದ ಶ್ವಾಸಕೋಶದ ಕ್ಯಾನ್ಸರ್, ನುಂಗುತ್ತಿದ್ದ ಮಾತ್ರೆ ಈಗ ನಾಟುತ್ತಿಲ್ಲ, ಬೆಂಗಳೂರಿನ ಡಾಕ್ಟರು ಎರಡು ಔಷಧ ಒಟ್ಟಿಗೆ ಕೊಡುವ ಫೇಸ್ ಒನ್ ಟ್ರಯಲ್ (ರೋಗಿಗಳ ಮೇಲಿನ ಔಷಧ ಪ್ರಯೋಗದ ಮೊದಲ ಹಂತ) ಇದೆ ಅಂದಿದ್ದಾರೆ, ಒಪ್ಪಬಹುದಾ ಅಂತ.

ಮೊದಲು ಒಂದು ವಿಷಯ ಗೊತ್ತಿರಲಿ. ಫೇಸ್ ಒನ್‌ನಲ್ಲಿ ಮುಖ್ಯವಾಗಿ ನೋಡುವುದು ಗಡ್ಡೆ ಕರಗುತ್ತದಾ ಅಂತಲ್ಲ, ಎಷ್ಟು ಡೋಸ್‌ವರೆಗೆ ಮೈ ತಡೆಯುತ್ತದೆ ಅಂತ. ಸಾಮಾನ್ಯವಾಗಿ ಒಂದು ಔಷಧವನ್ನು ಗೊತ್ತಿರುವ ಡೋಸಿನಲ್ಲಿಟ್ಟು ಇನ್ನೊಂದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ಒಂದು ಮೆಟ್ಟಿಲಿಗೆ 3 ಜನ. ಮೊದಲ ಸೈಕಲ್‌ನ, ಅಂದರೆ ಔಷಧದ ಮೊದಲ ಸುತ್ತಿನ, 21 ಅಥವಾ 28 ದಿನ ಯಾರಿಗೂ ತೀವ್ರ ತೊಂದರೆ ಬರದಿದ್ದರೆ ಮುಂದಿನ ಮೆಟ್ಟಿಲು. ಒಬ್ಬರಿಗೆ ಬಂದರೆ ಅದೇ ಡೋಸಿಗೆ ಇನ್ನೂ 3 ಜನ. ಇಬ್ಬರಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ ಕೆಳಗಿಳಿಯುತ್ತಾರೆ. ಹಾಗಾಗಿ ನಿಮ್ಮ ತಂದೆಯವರದು ಎಷ್ಟನೇ ಮೆಟ್ಟಿಲು, ಹಿಂದಿನವರಿಗೆ ಏನಾಯಿತು ಅಂತ ನೇರವಾಗಿ ಕೇಳಿ. ಕೇಳಲು ಸಂಕೋಚ ಬೇಡ.

ಜೋಡಿ ಔಷಧದ ತೊಂದರೆ ಕೂಡಿಸಿದ ಲೆಕ್ಕದಂತೆ ಬರುವುದಿಲ್ಲ. ಒಸಿಮೆರ್ಟಿನಿಬ್ ಮಾತ್ರೆಗೆ ಡರ್ವಾಲುಮಾಬ್ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧ) ಸೇರಿಸಿದ ಟ್ಯಾಟನ್ ಟ್ರಯಲ್‌ನಲ್ಲಿ 38% ಜನರಿಗೆ ಶ್ವಾಸಕೋಶದ ಉರಿಯೂತ ಬಂತು. ಒಂದೊಂದನ್ನೇ ಕೊಟ್ಟಾಗ ಅದು ನೂರಕ್ಕೆ ಎರಡು ಮೂರು ಜನರಿಗಷ್ಟೇ. ಕ್ರಿಜೋಟಿನಿಬ್ ಮಾತ್ರೆ ಜೊತೆ ನಿವೊಲುಮಾಬ್ ಇಮ್ಯುನೋಥೆರಪಿ ಕೊಟ್ಟ 13 ಜನರಲ್ಲಿ 5 ಜನರ ಲಿವರ್ ತೀವ್ರವಾಗಿ ಕೆಟ್ಟು, ಅವರಲ್ಲಿ ಇಬ್ಬರು ತೀರಿಕೊಂಡರು, ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಎಲ್ಲ ಜೋಡಿಯೂ ಹೀಗಲ್ಲ. ಕೀನೋಟ್-021 ಟ್ರಯಲ್‌ನಲ್ಲಿ ಕೀಮೋ ಜೊತೆ ಪೆಂಬ್ರೋಲಿಜುಮಾಬ್ ಇಮ್ಯುನೋಥೆರಪಿ ಪಡೆದವರಲ್ಲಿ 55% ಜನರ ಗಡ್ಡೆ ಕುಗ್ಗಿತು, ಬರೀ ಕೀಮೋದಲ್ಲಿ 29%. ಇವತ್ತು ಹಲವರಿಗೆ ಅದೇ ಮಾಮೂಲಿ ಚಿಕಿತ್ಸೆ.

ಇದಕ್ಕೇ ನಾನು ಒತ್ತಿ ಹೇಳುವುದು: ಮೊದಲ ಸೈಕಲ್ ಮುಗಿಯುವವರೆಗೆ ಬೆಂಗಳೂರಿನಲ್ಲೇ ಇರಿ. ಕೆಲವು ದಿನ ಗಂಟೆಗಂಟೆಗೂ ರಕ್ತ ತೆಗೆಯುತ್ತಾರೆ, ಹೋಗಿಬಂದು ಮಾಡುವ ಕೆಲಸವಲ್ಲ. ಆಮೇಲೆ ಊರಿಗೆ ಬಂದಾಗ ಒಣ ಕೆಮ್ಮು ಶುರುವಾದರೆ ‘ತೋಟದ ಮಂಜಿಗೆ ಶೀತ ಆಗಿದೆ’ ಅಂತ ಕಷಾಯ ಕುಡಿಸಿ ಎರಡು ದಿನ ಕಾಯಬೇಡಿ. ಆಕ್ಸಿಮೀಟರ್ ಇಟ್ಟುಕೊಂಡು ಕೂತಾಗ ಒಮ್ಮೆ, ಅಂಗಳದಲ್ಲಿ ನಾಲ್ಕು ಸುತ್ತು ನಡೆದ ಮೇಲೆ ಒಮ್ಮೆ ಬರೆದಿಡಿ. ಮಾಮೂಲಿಗಿಂತ 3-4 ಅಂಕ ಇಳಿದರೆ ಆ ಹೊತ್ತೇ ಟ್ರಯಲ್ ಕೋಆರ್ಡಿನೇಟರ್‌ಗೆ ಫೋನ್ ಮಾಡಿ. ಹಾಸನದಲ್ಲಿ ತುರ್ತಾಗಿ ಸೇರಿಸಬೇಕಾದರೂ ಟ್ರಯಲ್ ಕಾರ್ಡ್ (ಟ್ರಯಲ್‌ನಲ್ಲಿದ್ದಾರೆ ಅಂತ ತಿಳಿಸುವ ಚೀಟಿ) ಮೊದಲು ತೋರಿಸಿ. ಉರಿಯೂತವನ್ನು ನ್ಯುಮೋನಿಯಾ ಅಂದುಕೊಂಡು ಬರೀ ಆಂಟಿಬಯಾಟಿಕ್ ಕೊಟ್ಟರೆ ಉರಿಯೂತಕ್ಕೆ ಬೇಕಾದ ಸ್ಟೀರಾಯ್ಡ್ ತಡವಾಗುತ್ತದೆ.

ಬಯಾಪ್ಸಿಯ ಮೇಣದ ಬ್ಲಾಕ್ (ಗಡ್ಡೆಯ ಚೂರನ್ನು ಮೇಣದಲ್ಲಿ ಕಾಪಿಟ್ಟದ್ದು) ಬೇಕಾಗುತ್ತದೆ, ಲ್ಯಾಬಿನಿಂದ ಈಗಲೇ ಬಿಡಿಸಿಕೊಳ್ಳಿ.

ಸಿಟಿಆರ್‌ಐ (ಭಾರತದ ಔಷಧ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. 2009ರಿಂದ ಅದು ಕಡ್ಡಾಯ. ಟ್ರಯಲ್‌ನಿಂದಲೇ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಇದೆ, ಇದು 2019ರ ನಿಯಮ. ಒಪ್ಪಿಗೆ ಪತ್ರದ ಕನ್ನಡ ಪ್ರತಿ ಮನೆಗೆ ತಂದು ಓದಿ, ಬಸ್ಸು-ಬಾಡಿಗೆ ಖರ್ಚು ಯಾರದ್ದು ಅಂತ ಅದರಲ್ಲೇ ಬರೆಸಿಕೊಳ್ಳಿ. ಯಾವಾಗ ಬೇಕಾದರೂ ಹೊರಬರಬಹುದು.

ಇನ್ನು ಹಿತ್ತಿಲಿನ ಚಕ್ಕೋತ. ಕೆಲವು ಮಾತ್ರೆಗಳನ್ನು ಕರಗಿಸುವ ಕಿಣ್ವವನ್ನು ಅದು ತಡೆದು, ರಕ್ತದಲ್ಲಿ ಔಷಧದ ಮಟ್ಟ ಏರಿಸುತ್ತದೆ. ಹಣ್ಣು, ನಾಟಿ ಔಷಧಿ, ಗ್ಯಾಸ್ ಮಾತ್ರೆ ಎಲ್ಲದರ ಪಟ್ಟಿ ಮಾಡಿ ಮೊದಲ ದಿನವೇ ಕೋಆರ್ಡಿನೇಟರ್ ಕೈಗೆ ಕೊಡಿ.